ಅಪ್ಪನ ಪೌರತ್ವಕ್ಕೆ ನನ್ನ ಕನ್ಯಾವ್ರತ

ಮೂವತ್ತು ದಾಟಿದ ಹೆಣ್ಣು ಮದುವೆಯಾಗದೆ ಉಳಿದರೆ ಶ್ರೀನಿವಾಸಪುರದ ಕಡೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಬಸ್ಸಿನಲ್ಲಿ ಪಕ್ಕ ಕೂತವರು ಕೇಳುತ್ತಾರೆ, ಸೊಪ್ಪು ಮಾರುವವರು ಕೇಳುತ್ತಾರೆ, ಹಲ್ಲು ಕೀಳಿಸಲು ಹೋದರೆ ಡಾಕ್ಟರು ನಮ್ಮ ಬಾಯಲ್ಲಿ ಇಕ್ಕಳ ಇಟ್ಟೇ ಕೇಳುತ್ತಾರೆ. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ. "ಏನೇ ಆಗ್ಲಿ, ಮದುವೆ ಮಾತ್ರ ಆಗ್ಬೇಡಮ್ಮ" ಎಂದು ಬಂಧುಬಳಗದವರೆಲ್ಲ ತಲೆ ಮುಟ್ಟಿ ಹರಸಿದ ಹೆಣ್ಣು ಇಡೀ ಕೋಲಾರ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಕಾರಣ ಅಪ್ಪ. ಅಪ್ಪ ಅಡುಗೆಯವರು. ಮುಳಬಾಗಿಲಿನ ಮಠದ ಅಡುಗೆಮನೆಯಲ್ಲಿ ಸಾರು ಕುದಿಸಿಕೊಂಡಿದ್ದರು. ಆ ಸಾರು ಉಂಡ ಭಕ್ತರೊಬ್ಬರು, ಅಮೆರಿಕದಲ್ಲಿ ತಾವು ಕಟ್ಟಿಸಿದ ದೇವಸ್ಥಾನಕ್ಕೆ ಅಡುಗೆಯವರು ಬೇಕೆಂದು ಕರೆದುಕೊಂಡು ಹೋದರು. ಬೇರೆಯವರೆಲ್ಲ ಕಂಪ್ಯೂಟರ್ ಕಲಿತು ಆ ದೇಶಕ್ಕೆ ಹೋದರೆ ನಮ್ಮಪ್ಪ ಪುಳಿಯೋಗರೆ ಗೊಜ್ಜು ಕಲಿತು ಹೋದರು. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಎರಡು ವರ್ಷಕ್ಕೆ ಅಮ್ಮನೂ ಹೋದಳು. ಅಲ್ಲಿ ಅವರಿಗೆ ಕೊಟ್ಟಿದ್ದು ದೇವಸ್ಥಾನದ ಹಿಂದಿನ ಒಂದೇ ರೂಮು. ಅದರಲ್ಲಿ ಮೂರನೆಯವಳು ಎಲ್ಲಿ ಮಲಗುವುದು ಎಂದು ನನ್ನನ್ನು ಗೌನಿಪಲ್ಲಿಯ ಮಾವನ ಮನೆಯಲ್ಲಿ ಬಿಟ್ಟರು. ಮಾವ ಅಂದರೆ ಅಮ್ಮನ ತಮ್ಮ. ದೊಡ್ಡ ಮಾವಿನ ತೋಟ, ಅದಕ್ಕಿಂತ ದೊಡ್ಡ ಬಾಯಿ. "ಈ ಪರೀಕ್ಷೆ ಮುಗೀಲಿ, ಆಮೇಲೆ ಕರೆಸ್ಕೋತೀವಿ" ಎಂದು ಅಪ್ಪ ಪ್ರತಿ ಬೇಸಿಗೆಯಲ್ಲೂ ಹೇಳುತ್ತಿದ್ದರು. ಪರೀಕ್ಷೆಗಳು ಒಂದಾದ ಮೇಲೊಂದು ಮುಗಿದವು. ಅಪ್ಪನಿಗೆ ಅಲ್ಲಿ ಕಾಯಂ ಆಗಿ ಇರುವ ಕಾರ್ಡು ಸಿಕ್ಕುವ ಹೊತ್ತಿಗೆ ನನಗೆ ಇಪ್ಪತ್ತೊಂದು ದಾಟಿಬಿಟ್ಟಿತ್ತು.

ಇಪ್ಪತ್ತೊಂದು ದಾಟಿದ ಮಗಳು ಆ ದೇಶದವರ ಕಾನೂನಿನಲ್ಲಿ ಮಗುವಲ್ಲ. ಅವಳು ಸಾಲಿನಲ್ಲಿ ನಿಲ್ಲಬೇಕು. ಸಾಲುಗಳಲ್ಲೂ ಪಂಕ್ತಿಭೇದ ಉಂಟು. ಅಪ್ಪನೋ ಅಮ್ಮನೋ ಅಲ್ಲಿಯ ಪ್ರಜೆಯಾಗಿ, ಮಗಳು ಮದುವೆಯಾಗದೆ ಇದ್ದರೆ ಅವಳದು ಒಂದು ಸಾಲು. ಎಂಟು-ಒಂಬತ್ತು ವರ್ಷಕ್ಕೆ ತುದಿ ಕಾಣುತ್ತದೆ. ಮದುವೆಯಾದರೆ ಅವಳನ್ನು ಎತ್ತಿ ಇನ್ನೊಂದು ಸಾಲಿಗೆ ಹಾಕುತ್ತಾರೆ. ಆ ಸಾಲಿನ ತುದಿಯನ್ನು ನೋಡಿದವರು ನಮ್ಮ ಕಡೆ ಯಾರೂ ಇಲ್ಲ. ಅದರಲ್ಲಿ ನಿಂತವರು ಮೊಮ್ಮಕ್ಕಳ ಕೈ ಹಿಡಿದುಕೊಂಡೇ ವಿಮಾನ ಹತ್ತಬೇಕು ಎಂದು ಮಾವ ಹೇಳುತ್ತಿದ್ದರು.

ಅಪ್ಪ ಅಲ್ಲಿಯ ಪ್ರಜೆಯಾಗಿ ಪ್ರಮಾಣ ಮಾಡಿದ ದಿನ ವಿಡಿಯೋ ಕಾಲ್ ಮಾಡಿದರು. ಯಾವತ್ತೂ ಬನಿಯನ್‌ನಲ್ಲಿರುತ್ತಿದ್ದವರು ಅವತ್ತು ಕೋಟು ಹಾಕಿಕೊಂಡಿದ್ದರು. ಅಮ್ಮನೂ ಪ್ರಮಾಣ ಮಾಡಿದ್ದಳು. ಅವಳು ಅದೇ ಹಳೆಯ ಮೈಸೂರು ಸಿಲ್ಕ್ ಸೀರೆಯಲ್ಲಿ ಹಿಂದೆ ನಿಂತಿದ್ದಳು. "ನಿಂಗೆ ಅರ್ಜಿ ಹಾಕ್ತಾ ಇದೀನಿ ಕಣಮ್ಮ. ಇನ್ಮೇಲೆ ನೀನು ಮಾಡ್ಬೇಕಾದ್ದು ಒಂದೇ ಕೆಲಸ. ಏನೂ ಮಾಡ್ಬಾರ್ದು" ಎಂದರು ಅಪ್ಪ.

ಏನೂ ಮಾಡದೆ ಇರುವುದು ಎಷ್ಟು ದೊಡ್ಡ ಕೆಲಸ ಎಂದು ನನಗೆ ಆಗ ತಿಳಿದಿರಲಿಲ್ಲ. ನನ್ನ ಮದುವೆಯಾಗದಿರುವಿಕೆ ಆವತ್ತಿನಿಂದ ಮನೆತನದ ಆಸ್ತಿಯಾಯಿತು. ಮದುವೆ ಮನೆಗಳಲ್ಲಿ ಅತ್ತೆಯಂದಿರು ನನ್ನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದರು. ಗಂಡಿನ ಕಡೆಯ ಯಾವನಾದರೂ ನನಗೆ ಎರಡನೇ ಸಲ ಪಾಯಸ ಬಡಿಸಿದರೆ ಮಾವನ ಹೆಂಡತಿ ಎದ್ದು ಬಂದು ನಡುವೆ ಕೂರುತ್ತಿದ್ದರು. ಚಪ್ಪಲಿ ಉಜ್ಜಿ ಕಾಲ್ಬೆರಳಿಗೆ ಗಾಯವಾಗಿ ಪಟ್ಟಿ ಸುತ್ತಿಕೊಂಡರೆ, ಅದರ ಕೆಳಗೆ ಕಾಲುಂಗುರ ಇದೆಯೇನೋ ಎಂದು ಬಿಚ್ಚಿಸಿ ನೋಡಿದರು. ಜಾತಕದ ಗಂಟು ಹಿಡಿದುಕೊಂಡು ತಾಲ್ಲೂಕೆಲ್ಲ ಸುತ್ತುವ ಶಾನುಭೋಗರೊಬ್ಬರು ಅಭ್ಯಾಸಬಲದಿಂದ ಮಾವನ ಮನೆಗೆ ಬಂದಾಗ ಮಾವ ಜಗಲಿ ಹತ್ತಲೂ ಬಿಡಲಿಲ್ಲ. "ಹೆಣ್ಣಿರೋ ಮನೆಯಿಂದ ನನ್ನನ್ನ ಅಟ್ಟಿದ್ದು ಇದೇ ಮೊದಲು" ಎಂದು ಆ ಮುದುಕರು ಕೊಡೆ ಬಿಚ್ಚಿಕೊಂಡು ಹೋದರು. ಪಾಪ, ಬಿಸಿಲಲ್ಲಿ ಒಂದು ಲೋಟ ನೀರನ್ನೂ ಕೊಡಲಿಲ್ಲ.

ಸಾಲು ಎಷ್ಟು ಮುಂದೆ ಸರಿಯಿತು ಎಂದು ಆ ದೇಶದವರು ತಿಂಗಳಿಗೊಮ್ಮೆ ಹೇಳುತ್ತಾರೆ. ಯಾವ ತಾರೀಖಿನ ತನಕದ ಅರ್ಜಿಗಳಿಗೆ ಕರೆ ಬಂತು ಎಂದು ಅದರಲ್ಲಿ ಇರುತ್ತದೆ. ಮಾವ ಇಂಗ್ಲಿಷ್ ಬಾರದಿದ್ದರೂ ಅದನ್ನು ಮೊಬೈಲಿನಲ್ಲಿ ನೋಡುವುದನ್ನು ಕಲಿತರು. ಟೊಮ್ಯಾಟೊ ರೇಟು ಕೇಳುವಂತೆ ತಿಂಗಳು ತಿಂಗಳೂ ಕೇಳಿದರು. ಒಂದು ತಿಂಗಳು ಎರಡು ವಾರ ಮುಂದೆ, ಇನ್ನೊಂದು ತಿಂಗಳು ನಿಂತಲ್ಲೇ. ಒಂದೊಂದು ಸಲ ಹಿಂದಕ್ಕೂ ಹೋಗುತ್ತಿತ್ತು. ಹಿಂದೆ ಹೋದ ದಿನ ಮಾವ ಟೀ ಅಂಗಡಿಯಲ್ಲಿ ಆ ದೇಶದ ಅಧ್ಯಕ್ಷರನ್ನು ತೆಲುಗಿನಲ್ಲಿ ಬೈಯುತ್ತಿದ್ದರು. ಬೈಗುಳ ಅಲ್ಲಿಗೆ ತಲುಪಿದ ಸೂಚನೆ ಕಾಣಲಿಲ್ಲ.

ಮಾವನಿಗೆ ನನ್ನ ಮೇಲೆ ಇದ್ದಕ್ಕಿದ್ದಂತೆ ಇಷ್ಟು ಮಮತೆ ಯಾಕೆ ಉಕ್ಕಿತು ಎಂದರೆ, ಅವರಿಗೊಬ್ಬ ಮಗ. ಅಕ್ಕ ತಮ್ಮನಿಗೆ ಅರ್ಜಿ ಹಾಕುವ ಸಾಲೂ ಇದೆ. ಆದರೆ ಅದು ಎಲ್ಲಕ್ಕಿಂತ ಉದ್ದ, ಅದರಲ್ಲಿ ಬೆಳೆದ ಮಗನಿಗೆ ಜಾಗವಿಲ್ಲ. ಇನ್ನು ಉಳಿದಿದ್ದು ನಾನು. ನಮ್ಮ ಗಡಿ ಕಡೆ ಸೋದರಮಾವನ ಮಗನಿಗೆ ಹೆಣ್ಣು ಕೊಡುವುದಕ್ಕೆ ಮೇನರಿಕ ಎನ್ನುತ್ತಾರೆ, ಅದನ್ನು ಹಕ್ಕು ಎಂದೇ ತಿಳಿಯುತ್ತಾರೆ. ನಾನು ಅಲ್ಲಿಗೆ ಹೋಗಿ ನೆಲೆ ನಿಂತರೆ ಕಟ್ಟಿಕೊಂಡವನೂ ಹಿಂದೆಯೇ ಬರಬಹುದು ಎಂಬುದು ಅವರ ಲೆಕ್ಕ. ಆ ಮಗ ನನಗಿಂತ ಎಂಟು ವರ್ಷ ಚಿಕ್ಕವನು, ನನ್ನ ಹತ್ತಿರವೇ ಬೀಜಗಣಿತ ಹೇಳಿಸಿಕೊಂಡು, ಬಾಯಿ ತುಂಬ ಅಕ್ಕಾ ಅನ್ನುತ್ತಿದ್ದವನು. "ಅಮೆರಿಕದಲ್ಲಿ ವಯಸ್ಸು ಯಾರಮ್ಮಾ ಕೇಳ್ತಾರೆ" ಎಂದು ಮಾವ ಒಮ್ಮೆ ನಗುತ್ತಾ ಅಂದರು. ನಾನು ತಮಾಷೆ ಎಂದುಕೊಂಡೆ.

ನಾನು ಶ್ರೀನಿವಾಸಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಕೆಲಸ ಸಿಕ್ಕ ಮೇಲೆ ಅಲ್ಲೇ ಒಂದು ರೂಮು ಹಿಡಿದು ಒಬ್ಬಳೇ ಇದ್ದೆ. ಊರಲ್ಲಿ ನನಗೆ ಅಮೆರಿಕಾ ಮೇಡಂ ಎಂದೇ ಹೆಸರು. ಅಮೆರಿಕ ಇರಲಿ, ಅಲ್ಲಿಯವರೆಗೆ ನಾನು ತಿರುಪತಿ ದಾಟಿ ಹೋದವಳಲ್ಲ. ಅರ್ಜಿ ಹಾಕಿದ ಮರುವರ್ಷ ಶಾಲೆಯ ಆವರಣದಲ್ಲಿ ಮಾವಿನ ಸಸಿ ನೆಡಿಸಲು ರಾಯಲ್ಪಾಡು ರಸ್ತೆಯಲ್ಲಿ ಕಸಿ ಗಿಡಗಳ ನರ್ಸರಿ ನಡೆಸುವವರೊಬ್ಬರು ಬಂದರು. ನೀರಿನ ತೊಟ್ಟಿಯ ಪಕ್ಕ ನೆಡಿ ಎಂದು ನಾನು ಅಂದೆ. ಅಲ್ಲಿ ಬೇರು ಕೊಳೆಯುತ್ತದೆ ಎಂದು ಅವರು ಅಂದರು. ಇಬ್ಬರೂ ಬಿಡಲಿಲ್ಲ. ಕೊನೆಗೆ ಎರಡೂ ಕಡೆ ನೆಟ್ಟೆವು. ತೊಟ್ಟಿಯ ಪಕ್ಕದ್ದು ಕೊಳೆಯಿತು. ಅದನ್ನು ನೋಡುವ ನೆಪದಲ್ಲಿ ಅವರು ಆಮೇಲೂ ಎಷ್ಟೋ ಸಲ ಬಂದರು, ಸತ್ತ ಗಿಡದಲ್ಲಿ ನೋಡುವುದೇನಿದೆ ಎಂದು ನಾನೂ ಕೇಳಲಿಲ್ಲ.

ಅವರಿಗೆ ನನ್ನ ಸಾಲಿನ ಕಥೆಯನ್ನು ಮೊದಲೇ ಹೇಳಿಬಿಟ್ಟೆ. ನಕ್ಕುಬಿಟ್ಟರು. "ನಾನು ಕಸಿ ಕಟ್ಟಿದ ಗಿಡ ಮೂರ್ನಾಲ್ಕು ವರ್ಷಕ್ಕೆ ಕಾಯಿ ಬಿಡುತ್ತೆ ಮೇಡಂ. ನಿಮ್ದು ಯಾವ ತಳಿ?" ಎಂದರು. ಆಮೇಲೆ ನಗುವುದನ್ನು ನಿಲ್ಲಿಸಿ, "ಕಾಯ್ತೀನಿ ಬಿಡಿ. ಗಿಡದೋನಿಗೆ ಅದೇ ತಾನೇ ಕೆಲಸ" ಎಂದರು. ನನಗೆ ಅವರು ಬೇಕಾಗಿದ್ದರು. ನನಗೆ ಅಮ್ಮನೂ ಬೇಕಾಗಿದ್ದಳು. ಅಜ್ಜಿ ತೀರಿಕೊಂಡಾಗ ಹನ್ನೊಂದನೆಯ ದಿನಕ್ಕೆ ಬಂದು ಹದಿನೈದನೆಯ ದಿನಕ್ಕೆ ಹೊರಟವಳನ್ನು ಬಿಟ್ಟರೆ, ಹೈಸ್ಕೂಲು ಮುಗಿದ ಮೇಲೆ ನಾನು ಅಮ್ಮನನ್ನು ಮುಟ್ಟಿರಲೇ ಇಲ್ಲ. ಒಂದು ಕಡೆ ಕೈಗೆ ಸಿಗುವಷ್ಟು ಹತ್ತಿರ ಒಬ್ಬರು, ಇನ್ನೊಂದು ಕಡೆ ಮೊಬೈಲಿನಲ್ಲಿ ಅಂಗೈಯಗಲದ ಮುಖ. ಇಬ್ಬರನ್ನೂ ಕೂಡಿಸಿಕೊಳ್ಳಲು ದಾರಿ ಎಂದರೆ ಸಾಲು ಮುಗಿಯುವ ತನಕ ಮದುವೆಯಾಗದೆ ಇರುವುದು. ನಾನು ಒಪ್ಪಿಕೊಂಡೆ.

ಒಂದು ಭಾನುವಾರ ಅಪ್ಪನಿಗೂ ಅವರ ವಿಷಯ ಹೇಳಿದೆ. ಅವರು ನಮ್ಮ ಜಾತಿಯವರಲ್ಲ. ಇಂಥ ಮಾತು ಬಂದಾಗ ಅಪ್ಪನಾದವರು ಎದೆ ಹಿಡಿದುಕೊಂಡು ಕೂರಬೇಕು, ಅಮ್ಮನಾದವಳು ಊಟ ಬಿಡಬೇಕು, ಮಾವನಾದವರು ಗಂಟಲು ಹರಿದುಕೊಳ್ಳಬೇಕು. ವೀಸಾದ ಸಾಲು ಇದ್ದದ್ದರಿಂದ ಯಾರಿಗೂ ಆ ಶ್ರಮ ಬೀಳಲಿಲ್ಲ. "ಅದೆಲ್ಲ ಈಗ್ಯಾಕೆ ಕಣಮ್ಮ, ಮೊದ್ಲು ಬಾ, ಆಮೇಲೆ ನೋಡೋಣ" ಎಂದು ಅಪ್ಪ ಒಂದೇ ಮಾತಿನಲ್ಲಿ ಮುಗಿಸಿದರು. ಇಷ್ಟು ಸಲೀಸಾಗಿ ಬೇಡ ಎನ್ನಲು ನಮ್ಮ ಊರಿನ ಬೇರೆ ಯಾವ ಅಪ್ಪನಿಗೂ ಸಾಧ್ಯವಿರಲಿಲ್ಲ.

ವರ್ಷಗಳು ಹೋದವು. ನರ್ಸರಿಯವರ ತಾಯಿ ಒಂದು ದಿನ ನನ್ನನ್ನು ಕೂರಿಸಿಕೊಂಡು, "ಆ ದೇಶದೋರು ಮದ್ವೆ ಆಗ್ಬ್ಯಾಡ ಅಂದ್ರೆ ಅನ್ಲಿ, ನೀನ್ಯಾಕವ್ವ ಹೂಂ ಅಂದೆ?" ಎಂದು ಕೇಳಿದರು. ಅವತ್ತು ಸಂಜೆ ಗೌನಿಪಲ್ಲಿಗೆ ಹೋಗಿ, ಯಾರದೋ ವಿಷಯ ಎಂಬಂತೆ ಮಾವನನ್ನು ಕೇಳಿದೆ. ಗುಡಿಯಲ್ಲಿ ಸುಮ್ಮನೆ ತಾಳಿ ಕಟ್ಟಿಸಿಕೊಂಡು, ರಿಜಿಸ್ಟರ್ ಮಾಡಿಸದೆ ಇದ್ದರೆ ಆಗುವುದಿಲ್ಲವೇ?

ಮಾವ ಹಾರಿ ಬಿದ್ದರು. "ಏಮ್ಮಾ, ತಲೆ ಕೆಟ್ಟಿದ್ಯಾ? ತಾಳಿ ಅಂದ್ರೆ ತಾಳಿ! ದೇವರ ಮುಂದೆ ಕಟ್ಟಿದ್ದು ಸುಳ್ಳಾಗುತ್ತಾ? ರಿಜಿಸ್ಟರ್ ಇರ್ಲಿ ಬಿಡ್ಲಿ, ಮದುವೆ ಮದುವೇನೇ. ಆಮೇಲೆ ಮುಂಬೈನಲ್ಲಿ ವೀಸಾ ಆಫೀಸರ್ ಮುಂದೆ ಕೈ ಎತ್ತಿ ಸುಳ್ಳು ಹೇಳ್ತೀಯಾ?" ಅದು ಸಾಲದೆಂದು ಅಪ್ಪನಿಗೆ ಫೋನ್ ಹಚ್ಚಿದರು. ಅಪ್ಪ ಗಂಭೀರವಾಗಿ, "ಅದು ಮೋಸ ಕಣಮ್ಮ. ನಾನು ಪ್ರಮಾಣ ಮಾಡಿದೋನು. ನನ್ನ ಮಗಳು ಅಂಥ ಕೆಲಸ ಮಾಡ್ಬಾರ್ದು" ಎಂದರು. ನನಗೆ ನಾಚಿಕೆಯಾಯಿತು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ತಾಳಿ ಕಟ್ಟಿಸಿಕೊಂಡು ಇಲ್ಲ ಎನ್ನುವುದು ಸುಳ್ಳೇ. ನರ್ಸರಿಯವರಿಗೆ ಇದನ್ನೆಲ್ಲ ಹೇಳಿದಾಗ ಅವರು, "ಸರಿ, ನಿಮ್ಮಪ್ಪ ದೊಡ್ಡೋರು, ನಿಯತ್ತಿನ ಮನುಷ್ಯ" ಎಂದರು. ನಮ್ಮ ಮನೆಯವರ ಬಗ್ಗೆ ಅವರಿಗೆ ಆಗ ಗೌರವ ಇತ್ತು.

ಹೋದ ವರ್ಷ ಕೊನೆಗೂ ನನ್ನ ತಾರೀಖು ಬಂತು. ಮುಂಬೈಗೆ ಸಂದರ್ಶನಕ್ಕೆ ಬರಬೇಕೆಂದು ತಿಳಿಸಿದರು. ಮಾವ ಊರಿಗೆಲ್ಲ ಮೈಸೂರು ಪಾಕು ಹಂಚಿದರು. ನನಗೆ ಮೂವತ್ತಾರು ನಡೆಯುತ್ತಿತ್ತು. ಅಲ್ಲಿಗೆ ಹೋದ ಮೇಲೆ ಒಮ್ಮೆ ವಾಪಸು ಬಂದು ನರ್ಸರಿಯವರನ್ನು ಮದುವೆಯಾಗಿ, ಅವರಿಗೆ ನಾನೇ ಅರ್ಜಿ ಹಾಕುವುದು ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಮತ್ತೆ ಒಂದು ಸಾಲು, ಇನ್ನೊಂದಷ್ಟು ವರ್ಷ. ಅವರು ಅದಕ್ಕೂ ಹೂಂ ಅಂದಿದ್ದರು.

ಮುಂಬೈಗೆ ಹೋಗುವ ಮುಂಚೆ ಮನೆದೇವರಿಗೆ ಒಂದು ಪೂಜೆ ಆಗಲಿ ಎಂದು ಮಾವ ಕರೆದರು. ಮನೆದೇವರು ರಾಯಲ್ಪಾಡಿನ ಆಚೆ, ಬಂಡೆಗಳ ನಡುವೆ ಒಂದು ಪುಟ್ಟ ಗುಡಿ. ಬೆಳಿಗ್ಗೆ ಒಂಬತ್ತಕ್ಕೆಲ್ಲ ನಾನು ಹತ್ತಿ ಹೋದೆ. ಮಾವನ ಹೆಂಡತಿ ನನ್ನ ಕೈಗೆ ಒಂದು ಹೊಸ ರೇಷ್ಮೆ ಸೀರೆ ಕೊಟ್ಟು, ಉಟ್ಟುಕೊಂಡು ಬಾ, ದೇವರ ಸೀರೆ ಎಂದರು. ಬೇಡವೆನ್ನಲು ಕಾರಣವಿರಲಿಲ್ಲ, ಬಂಡೆಯ ಮರೆಗೆ ಹೋಗಿ ಉಟ್ಟುಕೊಂಡು ಬಂದೆ. ಗರ್ಭಗುಡಿಯ ಮುಂದೆ ಮಾವನ ಮಗ ಜರಿ ಪಂಚೆ ಉಟ್ಟು, ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತ ಕೂತಿದ್ದ. ಪಕ್ಕದಲ್ಲಿ ಇನ್ನೊಂದು ಮಣೆ ಖಾಲಿ ಇತ್ತು. ಮಾವನ ಮೊಬೈಲನ್ನು ತೆಂಗಿನಕಾಯಿಗೆ ಒರಗಿಸಿ ನಿಲ್ಲಿಸಿದ್ದರು. ಅದರಲ್ಲಿ ಅಪ್ಪ, ಅವರ ಹಿಂದೆ ಅಮ್ಮ. ತಟ್ಟೆಯಲ್ಲಿ ಹೂವು, ಅಕ್ಷತೆ, ಅರಿಶಿನದ ದಾರದಲ್ಲಿ ಪೋಣಿಸಿದ ತಾಳಿ.

"ಇದೇನು ಮಾವ?" ಎಂದೆ.

"ಕೋಪ ಮಾಡ್ಕೋಬೇಡಮ್ಮ. ಸುಮ್ನೆ ಒಂದು ಶಾಸ್ತ್ರ. ದೇವರ ಮುಂದೆ ಒಂದು ದಾರ. ನೀನು ಅಲ್ಲಿಗೆ ಹೋದ್ಮೇಲೆ ರಿಜಿಸ್ಟರ್, ರಿಸೆಪ್ಶನ್ ಎಲ್ಲಾ ಗ್ರ್ಯಾಂಡಾಗಿ ಮಾಡೋಣ. ಮುಂಬೈ ಮುಗಿದ್ಮೇಲೆ ನೀನು ನಮ್ಮ ಕೈಗೆ ಸಿಗ್ತೀಯಾ?"

"ತಾಳಿ ಕಟ್ಟಿಸ್ಕೊಂಡ್ರೆ ನಾನು ಮದುವೆ ಆದೋಳು. ವೀಸಾ ಹೋಗುತ್ತೆ."

"ಅಯ್ಯೋ, ಎವರಿಕಿ ತೆಲುಸ್ತುಂದಿ? ಯಾರಿಗೆ ಗೊತ್ತಾಗುತ್ತೆ? ಫೋಟೋ ಇಲ್ಲ, ಛತ್ರ ಇಲ್ಲ, ರಿಜಿಸ್ಟರ್ ಇಲ್ಲ. ರಿಜಿಸ್ಟರ್ ಆಗದಿದ್ರೆ ಅದು ಮದುವೇನೇ ಅಲ್ಲ. ಲಾಯರ್‌ನೂ ಕೇಳಿದೀನಿ. ಮುಂಬೈಗೆ ಹೋಗುವಾಗ ಬಿಚ್ಚಿ ಬ್ಯಾಗಲ್ಲಿ ಇಟ್ಕೊ."

ಯಾವ ಲಾಯರನ್ನು ಕೇಳಿದರೋ ಕಾಣೆ. ನಾನು ತೆಂಗಿನಕಾಯಿಯ ಕಡೆ ತಿರುಗಿದೆ. "ಅಪ್ಪಾ, ನಿಮಗೆ ಇದು ಗೊತ್ತಿತ್ತಾ?"

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ಅವನು ನಮ್ಮೋನು ಕಣಮ್ಮ. ಮನೆ ಹುಡುಗ. ನಿಮ್ಮಾವ ನಿನ್ನನ್ನ ಇಷ್ಟು ವರ್ಷ ಸಾಕಿದಾರೆ. ಒಂದು ದಾರ ತಾನೇ."

"ಇದು ಮೋಸ ಅಲ್ವಾ? ನೀವು ಪ್ರಮಾಣ ಮಾಡಿದೋರು."

"ಎಲ್ಲಾದಕ್ಕೂ ಹಾಗೆ ಮಾತಾಡ್ಬಾರ್ದು" ಎಂದರು ಅಪ್ಪ.

ಆಗ ನನಗೆ ಮೈಯೆಲ್ಲ ಉರಿಯಿತು. ಸಾಲು ಎಂಟು-ಒಂಬತ್ತು ವರ್ಷ ಉದ್ದ ಎಂದು ಆ ದೇಶದವರು ಹೇಳಿದ್ದು ನಿಜ, ಮದುವೆ ಆಗಬಾರದು ಎಂದದ್ದೂ ನಿಜ. ಆದರೆ ನನ್ನನ್ನು ಕಾಯಿಸಿದ್ದು ಆ ಕಾನೂನಲ್ಲ. ನಮ್ಮವರಿಗೆ ಕಾನೂನಿನ ಮೇಲೆ ಅಂಥ ಭಕ್ತಿ ಏನೂ ಇರಲಿಲ್ಲ. ಬೇಡದ ಗಂಡಿನ ಕೈಯಲ್ಲಿ ಇದ್ದಾಗ ತಾಳಿ ಸಾಕ್ಷಾತ್ ಮದುವೆ, ಬೇಕಾದ ಗಂಡಿನ ಕೈಗೆ ಬಂದ ಕೂಡಲೇ ಬರೀ ದಾರ. ನಾನು ಆವತ್ತು ಕೇಳಿದ್ದು ಇದನ್ನೇ, ಇಂಥದೇ ಗುಡಿ, ಇಂಥದೇ ದಾರ. ಆಗ ಇವರು ಹೂಂ ಅಂದಿದ್ದರೆ ನಾನು ಸುಳ್ಳಿಯಾಗುತ್ತಿದ್ದೆ, ಅದು ಬೇರೆ ಮಾತು. ಆದರೆ ಇಷ್ಟು ವರ್ಷ ಒಂಟಿಯಾಗಿ ಊಟ ಮಾಡುತ್ತಿರಲಿಲ್ಲ.

ನಾನು ಕೂಗಾಡಲಿಲ್ಲ ಎಂದು ಬರೆಯಬೇಕೆಂದು ಆಸೆ. ಕೂಗಾಡಿದೆ. ಗುಡಿಯ ಪೂಜಾರಿಯವರು ಗಂಟೆ ಹಿಡಿದುಕೊಂಡು ಹೊರಗೆ ಹೋಗಿ ನಿಂತರು. ಮಾವನಿಗೆ ನಾಲ್ಕು ಮಾತು ಹೇಳಿದೆ, ಅಪ್ಪನಿಗೆ ಎಂಟು. ಮಾವನ ಮಗ ಮೊಬೈಲು ಕೆಳಗಿಟ್ಟು, "ಅಕ್ಕಾ, ದೇವರಾಣೆ ನಂಗೂ ಹೇಳಿರ್ಲಿಲ್ಲ. ಹೊಸ ಪಂಚೆ ಯಾಕೆ ಅಂತ ಕೇಳಿದ್ದಕ್ಕೆ ಬೈದ್ರು" ಎಂದ. ಪಾಪದವನು. ಮಣೆಯಿಂದ ಎದ್ದು, ಪ್ರಸಾದಕ್ಕೆ ಇಟ್ಟಿದ್ದ ಬಾಳೆಹಣ್ಣು ಸುಲಿದುಕೊಂಡ.

"ನಾನು ಮದುವೆ ಆಗ್ತೀನಿ ಅಪ್ಪಾ. ರಿಜಿಸ್ಟರ್ ಆಫೀಸಿನಲ್ಲೇ ಆಗ್ತೀನಿ, ಎಲ್ರಿಗೂ ಗೊತ್ತಾಗೋ ಹಾಗೆ. ನಿಮ್ಮ ಲಾಯರ್ ಕೂಡ ಅದನ್ನ ಮದುವೆ ಅಲ್ಲ ಅನ್ನೋಕಾಗಲ್ಲ. ನಾನು ಅಲ್ಲಿಗೆ ಬರೋಕೆ ಇಷ್ಟು ವರ್ಷ ಬೇಕಾಯ್ತು. ನೀವು ಇಲ್ಲಿಗೆ ಬರೋಕೆ ಒಂದು ದಿನ ಸಾಕು. ಬೇಕಾದ್ರೆ ಬನ್ನಿ" ಎಂದೆ. ಅಪ್ಪನ ಹೆಗಲ ಹಿಂದೆ ಅಮ್ಮನ ಅರ್ಧ ಮುಖ ಮಾತ್ರ ಕಾಣುತ್ತಿತ್ತು. ನಾನು ದೇವರ ಸೀರೆಯಲ್ಲೇ ಬಂಡೆ ಇಳಿದು, ರಸ್ತೆಗೆ ಬಂದು, ನರ್ಸರಿಗೆ ಫೋನ್ ಮಾಡಿದೆ. ಅವರು ಯಾವುದೋ ಗಿಡಕ್ಕೆ ಕಸಿ ಕಟ್ಟುತ್ತಿದ್ದರಂತೆ. ಎಲ್ಲ ಕೇಳಿ, "ಈ ಒಂದು ಗಿಡ ಮುಗಿಸಿ ಬರ್ತೀನಿ, ಅಲ್ಲೇ ನೆರಳಲ್ಲಿ ನಿಂತಿರು" ಎಂದರು. ಇಷ್ಟು ವರ್ಷದಲ್ಲಿ ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಅಲ್ಲಿಗೆ ಅಪ್ಪ ಹಾಕಿದ್ದ ಅರ್ಜಿಯೂ ಮುಗಿಯಿತು. ಮದುವೆಗೆ ನೋಟಿಸು ಕೊಟ್ಟೆವು, ಮುಂಬೈಯವರಿಗೆ ನಾನು ಬರುವುದಿಲ್ಲ ಎಂದು ತಿಳಿಸಿದೆ. ಎರಡು ದಿನ ಬಿಟ್ಟು ಅಮ್ಮ ತಾನಾಗಿಯೇ ಫೋನ್ ಮಾಡಿದಳು. ಅಪ್ಪ ಇಲ್ಲದ ಹೊತ್ತಿನಲ್ಲಿ ಅವಳು ಫೋನ್ ಮಾಡಿದ್ದು ನನಗೆ ನೆನಪಿರುವಂತೆ ಅದೇ ಮೊದಲು. "ಅವರಿಗೆ ಯಾವ ಬಣ್ಣ ಇಷ್ಟ ಕಣೇ? ಶರ್ಟು ತಗೋಬೇಕು" ಎಂದಳು. ನಾನು ಫೋನ್ ಹಿಡಿದುಕೊಂಡು ಸ್ಟಾಫ್ ರೂಮಿನಲ್ಲಿ ಎಲ್ಲರೆದುರೇ ಅತ್ತೆ.

ಅಪ್ಪನಿಗೆ ರಜೆ ಸಿಗಲಿಲ್ಲ. ದೇವಸ್ಥಾನದಲ್ಲಿ ಬ್ರಹ್ಮೋತ್ಸವ, ಸಾವಿರ ಜನಕ್ಕೆ ಅಡುಗೆ, ಬಿಟ್ಟು ಬರುವುದು ಹೇಗೆ ಎಂದರು. ಅಮ್ಮ ಒಬ್ಬಳೇ ಹೊರಟಳು. ಈಗ ಅವಳು ಆ ದೇಶದ ಪ್ರಜೆಯಲ್ಲವೇ, ಗೌನಿಪಲ್ಲಿಯಲ್ಲಿ ಹುಟ್ಟಿ ಮುಳಬಾಗಿಲಿನಲ್ಲಿ ಸಂಸಾರ ಮಾಡಿದವಳು ಇಲ್ಲಿಗೆ ಬರಲು ವೀಸಾ ತೆಗೆದುಕೊಳ್ಳಬೇಕಾಯಿತು. ಮೊಬೈಲಿನಲ್ಲೇ ಅರ್ಜಿ ಹಾಕಿದಳು, ನಾಲ್ಕೈದು ದಿನಕ್ಕೆ ಬಂತು. ನನಗೆ ಒಂಬತ್ತು ವರ್ಷ ಹಿಡಿದದ್ದು ಅವಳಿಗೆ ಒಂದು ವಾರವೂ ಹಿಡಿಯಲಿಲ್ಲ. ಹೀಗೆ ಮದುಮಗಳ ತಾಯಿ ಪ್ರವಾಸಿ ವೀಸಾದ ಮೇಲೆ ಮಗಳ ಮದುವೆಗೆ ಬಂದಳು.

ಶ್ರೀನಿವಾಸಪುರದ ನೋಂದಣಿ ಕಚೇರಿಯಲ್ಲಿ ಮದುವೆಯಾಯಿತು. ಅಮ್ಮ ಸಾಕ್ಷಿ ಸಹಿ ಹಾಕಿದಳು. ಮಾವನೂ ಬಂದರು. ಮುನಿಸಿಕೊಂಡು ದೂರ ನಿಂತವರು ಊಟದ ಹೊತ್ತಿಗೆ ಹತ್ತಿರ ಸರಿದರು, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ನನ್ನ ಗಂಡನನ್ನು ಕೇಳಿದರು, "ಮದುವೆ ಆದೋರ ಸಾಲಲ್ಲಿ ಗಂಡನಿಗೂ ವೀಸಾ ಸಿಗುತ್ತಂತಲ್ಲಪ್ಪ, ನೀವು ಹಾಕಿಸ್ಬಾರ್ದಾ?" ಅವರು ಎಲೆಯಿಂದ ತಲೆ ಎತ್ತದೆ, "ನಂಗೆ ಇಲ್ಲಿ ಗಿಡಕ್ಕೆ ನೀರು ಹಾಕ್ಬೇಕು ಮಾವ" ಎಂದರು.

ಮದುವೆ ಮುಗಿದ ಮೇಲೆ ಅಮ್ಮ ಒಂದು ವಾರ ಇರುತ್ತಾಳೆ ಎಂದುಕೊಂಡಿದ್ದೆ. ಟಿಕೆಟ್ ಮುಂದಕ್ಕೆ ಹಾಕಿಸಿದಳು. ಮತ್ತೊಮ್ಮೆ ಹಾಕಿಸಿದಳು. ಅವರೆಕಾಯಿ ಕಾಲ. ಬೆಳಿಗ್ಗೆ ನಮ್ಮತ್ತೆಯ, ಅಂದರೆ ನರ್ಸರಿಯವರ ತಾಯಿಯ, ಜೊತೆ ಅಂಗಳದಲ್ಲಿ ಮೊರ ಇಟ್ಟುಕೊಂಡು ಕಾಯಿ ಸುಲಿಯಲು ಕೂತರೆ, ನಾನು ಶಾಲೆಗೆ ಹೊರಡುವ ತನಕವೂ ಇಬ್ಬರ ಮಾತು ನಿಲ್ಲುತ್ತಿರಲಿಲ್ಲ. ನಮ್ಮತ್ತೆ ಅರ್ಧ ತೆಲುಗಿನಲ್ಲಿ ಮಾತಾಡುತ್ತಾರೆ, ಅಮ್ಮನಿಗೂ ತೆಲುಗು ಹರಿಯಿತು; ಅದು ಅವಳಿಗೆ ಮರೆತಿರಬಹುದೆಂದು ನಾನು ಎಣಿಸಿದ್ದೆ. ಅಲ್ಲಿ ನೀನು ದಿನವಿಡೀ ಏನು ಮಾಡುತ್ತೀಯ ಎಂದು ಒಮ್ಮೆ ಕೇಳಿದೆ. "ನಿಮ್ಮಪ್ಪ ಮಾಡಿದ್ದನ್ನ ಡಬ್ಬಕ್ಕೆ ತುಂಬ್ತೀನಿ. ಪಾತ್ರೆ ತೊಳೀತೀನಿ. ಹೊರಗೆ ಮಂಜು" ಎಂದಳು. ಅವಳನ್ನು ಸೇರಲೆಂದು ನಾನು ಇಷ್ಟು ವರ್ಷ ಸಾಲಿನಲ್ಲಿ ನಿಂತಿದ್ದೆ. ಅವಳು ಅಲ್ಲಿ ಹೇಗಿದ್ದಾಳೆ ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ, ಅವಳು ಪ್ರಜೆಯಲ್ಲವೇ.

ವೀಸಾದ ಗಡುವು ಮುಗಿಯಲು ಸ್ವಲ್ಪ ದಿನ ಇರುವಾಗ, ಒಂದು ಭಾನುವಾರ ಬೆಳಿಗ್ಗೆ, ಅಮ್ಮ ಹಿದುಕಿದ ಬೇಳೆಯ ಬಟ್ಟಲು ಪಕ್ಕಕ್ಕಿಟ್ಟು ಕೈ ಒರೆಸಿಕೊಂಡಳು.

"ಮಕ್ಕಳಿಗೆ ತಂದೆ ತಾಯಿ ಅರ್ಜಿ ಹಾಕ್ತಾರಲ್ಲ, ಹಾಗೇ ತಾಯಿಗೆ ಮಗಳು ಹಾಕೋಕೆ ಇಲ್ಲಿ ಆಗುತ್ತಾ ಕಣೇ?"

ನಾನು ಏನೋ ಒಂದು ಕೊಂಕು ಆಡಲು ಬಾಯಿ ತೆರೆದೆ. ಆ ಸಾಲುಗಳ ಬಗ್ಗೆ ನನ್ನ ಬಾಯಲ್ಲಿ ಕೊಂಕಿಗೆ ಯಾವತ್ತೂ ಬರವಿರಲಿಲ್ಲ. ಅವತ್ತು ಬರಲಿಲ್ಲ.

"ವಿಚಾರಿಸ್ತೀನಿ ಅಮ್ಮ. ಇಲ್ಲಿ ಹುಟ್ಟಿ ಆ ದೇಶದೋರಾದೋರಿಗೆ ಇಲ್ಲೇ ಇರೋಕೆ ಏನೋ ಕಾರ್ಡು ಕೊಡ್ತಾರಂತೆ. ನಾಳೇನೇ ವಿಚಾರಿಸ್ತೀನಿ" ಎಂದೆ. "ಅಪ್ಪಂಗೆ ನೀನು ಹೇಳ್ತೀಯೋ, ನಾನು ಹೇಳ್ಲೋ?"

"ಕಾರ್ಡು ಕೈಗೆ ಬರೋ ತನಕ ಹೇಳ್ಬೇಡ" ಎಂದಳು ಅಮ್ಮ. "ಹೇಳಿದ್ರೆ ಕರ್ಕೊಂಡು ಹೋಗೋಕೆ ಬಂದ್ಬಿಡ್ತಾರೆ. ಅದಕ್ಕೆ ಅವರಿಗೆ ರಜೆ ಸಿಗುತ್ತೆ."